ಡಾಕ್ಟರಮ್ಮನ ಅಂಚೆ: ಮೊದಲು ವಸಡು ನೋಡಿ

ಈ ಸಲ ಬಂದ ಪತ್ರಗಳಲ್ಲಿ ನಾಯಿಗಳದ್ದೇ ಕಾರುಬಾರು. ಹಸು, ಎಮ್ಮೆ ಸಾಕಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಸರದಿ ಮುಂದಿನ ತಿಂಗಳು. ನಾನು ಮೂವತ್ತೆರಡು ವರ್ಷ ಸರ್ಕಾರಿ ಕೆಲಸದಲ್ಲಿದ್ದವಳು. ಬೋರ್ಡಿನ ಮೇಲೆ ‘ಪಶು ಆಸ್ಪತ್ರೆ’ ಅಂತ ಬರೆದಿದ್ದರೂ ಊರವರ ಬಾಯಲ್ಲಿ ಅದು ದನದ ಆಸ್ಪತ್ರೆ. ಆಗೆಲ್ಲ ನಾಯಿ ಹಿಡಿದುಕೊಂಡು ಬಂದವರು ಏನೋ ತಪ್ಪು ಮಾಡಿದವರಂತೆ ಗೇಟಿನ ಹೊರಗೇ ನಿಲ್ಲುತ್ತಿದ್ದರು. ಈಗ ಫೋಟೋ, ವೀಡಿಯೋ ಎಲ್ಲ ಕಳಿಸುತ್ತೀರಿ. ಒಂದೇ ಒಂದು ತಕರಾರು. ಬಾಲದ ಫೋಟೋ ಕಳಿಸುತ್ತೀರಿ, ಮಲದ ಫೋಟೋ ಕೂಡ ಕಳಿಸುತ್ತೀರಿ, ಬಾಯಿ ತೆರೆದು ವಸಡು ತೋರಿಸಿದವರು ಒಬ್ಬರೂ ಇಲ್ಲ.

ಪ್ರಶ್ನೆ: ನಮ್ಮದು ಮೂರು ವರ್ಷದ ನಾಟಿ ನಾಯಿ, ಹೆಸರು ಕರಿಯ. ಎರಡು ದಿನದಿಂದ ಅನ್ನ ಮುಟ್ಟಿಲ್ಲ. ಮೂಗು ತಣ್ಣಗೇ ಇದೆ, ಹಾಗಾಗಿ ಜ್ವರ ಇಲ್ಲ ಅಂದುಕೊಂಡಿದ್ದೇವೆ. ಕಿವಿ ಒಳಗೆಲ್ಲ ಉಣುಗು. ಮನೆಯವರು ಸೀಮೆಎಣ್ಣೆ ಹಚ್ಚೋಣ ಅನ್ನುತ್ತಾರೆ. ಇದರಿಂದ ನಮಗೂ ಮಂಗನ ಕಾಯಿಲೆ ಬರುತ್ತಾ?
— ಸಾಗರದ ಓದುಗರು

ಸೀಮೆಎಣ್ಣೆ ಡಬ್ಬಿಯನ್ನು ಮೊದಲು ಒಳಗಿಡಿ. ಚರ್ಮ ಸುಡುತ್ತದೆ, ನಾಯಿ ಅದನ್ನೇ ನೆಕ್ಕಿಕೊಳ್ಳುತ್ತದೆ.

ಇನ್ನು ಮೂಗಿನ ವಿಚಾರ. ಮೂಗು ತಣ್ಣಗಿದ್ದರೆ ಜ್ವರ ಇಲ್ಲ ಅನ್ನೋದು ನಮ್ಮಲ್ಲಿ ಬೇರೂರಿರುವ ನಂಬಿಕೆ. 105 ಡಿಗ್ರಿ ಜ್ವರ ಇದ್ದ ನಾಯಿಯ ಮೂಗು ಒದ್ದೆಯಾಗಿ ತಣ್ಣಗಿದ್ದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಬಿಸಿಲಿಗೆ ಮಲಗಿ ಎದ್ದ ಗಟ್ಟಿಮುಟ್ಟು ನಾಯಿಯ ಮೂಗು ಒಣಗಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ. ಅದರ ಮೇಲೆ ‘ನಾಯಿ’ ಅಂತ ದೊಡ್ಡದಾಗಿ ಬರೆದಿಡಿ, ಇಲ್ಲದಿದ್ದರೆ ಅದು ಮನೆಯಲ್ಲಿ ಯಾರ ಬಾಯಿಗೆ ಹೋಗುತ್ತದೋ ಹೇಳಲಿಕ್ಕಾಗದು. ತುದಿಗೆ ವ್ಯಾಸಲಿನ್ ಸವರಿ, ಬಾಲ ಎತ್ತಿ, ಗುದದ್ವಾರದಲ್ಲಿ ಒಂದು ಇಂಚಿನಷ್ಟು ಇಟ್ಟು ‘ಬೀಪ್’ ಅನ್ನುವವರೆಗೆ ಹಿಡಿದಿರಿ. ಒಬ್ಬರು ತಲೆಯ ಹತ್ತಿರ ಕೂತು ಕುತ್ತಿಗೆ ಕೆರೆಯುತ್ತಿದ್ದರೆ ಕರಿಯ ಸುಮ್ಮನಿರುತ್ತಾನೆ. ನಾಯಿಯ ಮೈ ನಮ್ಮದಕ್ಕಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಸರಿಯಾಗಿದೆ ಅಂತ ಅರ್ಥ. ಸುಮ್ನೆ ಕೂತ ನಾಯಿಗೆ 103 ದಾಟಿದ್ದರೆ ಅದು ಜ್ವರ.

ಆಮೇಲೆ ಮೇಲ್ದುಟಿ ಎತ್ತಿ ವಸಡು ನೋಡಿ. ಚೆನ್ನಾಗಿರುವ ನಾಯಿಯ ವಸಡು ನಮ್ಮ ನಾಲಿಗೆಯಂತೆ ಗುಲಾಬಿ ಬಣ್ಣ. ಬೆರಳಿನಿಂದ ಒತ್ತಿದರೆ ಬೆಳ್ಳಗಾಗುತ್ತದೆ, ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಕರಿಯನ ವಸಡು ಕಪ್ಪಾಗಿದ್ದರೆ (ಕರಿಯ ಅಂತ ಹೆಸರಿಟ್ಟಿದ್ದೀರಲ್ಲ, ಇರಬಹುದು) ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಪೊರೆ ನೋಡಿ. ಅದು ಸುಣ್ಣ ಬಳಿದ ಹಾಗೆ ಬಿಳಿಚಿದ್ದರೆ ಅಥವಾ ಅರಿಶಿನ ಬಣ್ಣಕ್ಕೆ ತಿರುಗಿದ್ದರೆ ಉಣುಗು ಜ್ವರದ ಅನುಮಾನ ಬಲವಾಗುತ್ತದೆ. ಉಣುಗು ರಕ್ತ ಹೀರುವಾಗ ಬೆಬೀಸಿಯಾ, ಎರ್ಲೀಕಿಯಾ ಅನ್ನುವ ರೋಗಾಣುಗಳನ್ನು ಒಳಗೆ ಬಿಡುತ್ತದೆ. ಬೆಬೀಸಿಯಾ ಕೆಂಪು ರಕ್ತಕಣವನ್ನೇ ಒಡೆಯುತ್ತದೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಎರ್ಲೀಕಿಯಾದಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ ಬರಬಹುದು, ಹೊಟ್ಟೆಯ ಚರ್ಮದ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಕೆಂಪು ಚುಕ್ಕೆ ಕಾಣಬಹುದು.

ಎರಡು ದಿನ ಅನ್ನ ಬಿಟ್ಟಿದ್ದಾನೆ, ಕಿವಿ ತುಂಬ ಉಣುಗು. ನೀವು ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ವಸಡು ಬಿಳಿಚಿದ್ದರೆ ನಾಳೆಯವರೆಗೂ ಕಾಯಬೇಡಿ. ಎರಡೂ ರೋಗಾಣುವಿಗೆ ಔಷಧಿ ಬೇರೆ ಬೇರೆ, ಹಾಗಾಗಿ ಪಕ್ಕದ ಮನೆಯ ನಾಯಿಗೆ ಬರೆದ ಚೀಟಿ ತಂದು ಕೊಡಬೇಡಿ. ಎರ್ಲೀಕಿಯಾ ಆಗಿದ್ದರೆ ಮಾತ್ರೆ ಸಾಮಾನ್ಯವಾಗಿ ಮೂರು ನಾಲ್ಕು ವಾರ ನಡೆಯುತ್ತದೆ. ಮೂರನೇ ದಿನ ನಾಯಿ ಎದ್ದು ಬಾಲ ಆಡಿಸುತ್ತದೆ, ನಮ್ಮವರು ಅಲ್ಲಿಗೆ ಮಾತ್ರೆ ನಿಲ್ಲಿಸುತ್ತಾರೆ. ತಿಂಗಳು ಕಳೆದು ಅದೇ ನಾಯಿ ಗೋಣಿಚೀಲದ ಮೇಲೆ ಮಲಗಿ ಆಸ್ಪತ್ರೆಗೆ ಬರುತ್ತದೆ.

ಉಣುಗು ಕೀಳುವಾಗ ಚಿಮ್ಮಟದಿಂದ ಚರ್ಮಕ್ಕೆ ಅಂಟಿದ ಕಡೆಯೇ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸ್ಪಿರಿಟ್ ಹಾಕಿದ ಬಾಟಲಿಗೆ ಹಾಕಿ. ಹೊಟ್ಟೆ ತುಂಬಿದ ಹೆಣ್ಣು ಉಣುಗು ತಾನೇ ಉದುರಿ, ಗೋಡೆಯ ಬಿರುಕಿಗೆ ಹತ್ತಿ, ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಜಗುಲಿಯ ಸಂದಿ, ಕರಿಯ ಮಲಗುವ ಗೋಣಿ, ಸೌದೆ ಕೊಟ್ಟಿಗೆ ಎಲ್ಲ ಗುಡಿಸಿ ಸ್ವಚ್ಛ ಮಾಡದೆ ಬರೀ ನಾಯಿ ತೊಳೆದರೆ ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. ಈಗ ಒಮ್ಮೆ ತಿನ್ನಿಸಿದರೆ ಮೂರು ತಿಂಗಳು ಉಣುಗು ತಡೆಯುವ ಮಾತ್ರೆಯೂ ಇದೆ. ತೂಕ ನೋಡಿ ಕೊಡುವಂಥದ್ದು. ನಾಯಿಗೆ ಫಿಟ್ಸ್ ಬಂದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಮಂಗನ ಕಾಯಿಲೆ ಬಗ್ಗೆ ನಿಮ್ಮ ಹೆದರಿಕೆ ಅರ್ಥ ಆಗುತ್ತದೆ. 1957ರಲ್ಲಿ ಆ ರೋಗ ಮೊದಲು ಪತ್ತೆಯಾದದ್ದೇ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು, ನಾಯಿ ಕಿವಿಯಲ್ಲಿ ಗುಂಪಾಗಿ ಕೂರುವ ಕಂದು ಉಣುಗಿನ ಜಾತಿಯೇ ಬೇರೆ. ಕರಿಯ ನಿಮ್ಮ ಜೊತೆ ಕಾಡು ಸುತ್ತುವವನಾದರೆ ಮೈಯಲ್ಲಿ ಕಾಡಿನ ಉಣುಗು ಹೊತ್ತು ತರಬಹುದು, ಅದಕ್ಕೇ ಮನೆಯೊಳಗೆ ಬಿಡುವ ಮುಂಚೆ ಮೈ ತಡವಿ ನೋಡಿ. ಅದಕ್ಕಿಂತ ಜಾಸ್ತಿ ಅಪಾಯ ಇರುವುದು ಬೇಸಿಗೆಯಲ್ಲಿ ಕಾಡಿಗೆ ದರಗು (ಉದುರಿದ ಒಣ ಎಲೆ) ಗುಡಿಸಲಿಕ್ಕೆ ಹೋಗುವ ನಿಮಗೆ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಹೋಗಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ನಮ್ಮ ಪಗ್ ಮಧ್ಯಾಹ್ನದ ವಾಕಿಂಗ್‌ನಿಂದ ಬಂದಾಗ ಮೈ ಸುಡುತ್ತಿತ್ತು, ಜೋರಾಗಿ ಏದುಸಿರು. ಜ್ವರ ಅಂತ ಅರ್ಧ ಪ್ಯಾರಾಸಿಟಮಾಲ್ ಕೊಟ್ಟೆವು. ಈಗ ಆರಾಮಾಗಿದೆ. ಸರಿಯಾದ ಡೋಸ್ ಎಷ್ಟು ಮೇಡಂ?
— ಬೆಂಗಳೂರು, ರಾಜಾಜಿನಗರ

ಡೋಸ್ ಹೇಳುವುದಿಲ್ಲ. ಸಿಟ್ಟಾಗಬೇಡಿ.

ನಿಮ್ಮ ಪಗ್‌ಗೆ ಬಂದದ್ದು ಜ್ವರ ಅಲ್ಲ, ಬಿಸಿಲಿನ ಝಳ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್‌ನ ಮೂತಿ ಚಪ್ಪಟೆ, ಗಾಳಿ ಹೋಗುವ ದಾರಿಯೇ ಇಕ್ಕಟ್ಟು. ಅದಕ್ಕೆ ಬೇಕಾದದ್ದು ನೆರಳು, ಫ್ಯಾನು, ಹೊಟ್ಟೆ ಮತ್ತು ಪಾದಗಳ ಮೇಲೆ ನಲ್ಲಿ ನೀರು, ಕುಡಿಯಲಿಕ್ಕೆ ಸ್ವಲ್ಪ ಸ್ವಲ್ಪ ನೀರು. ಒದ್ದೆ ಟವೆಲ್ ಹೊದಿಸಿ ಬಿಟ್ಟುಬಿಡಬೇಡಿ, ಅದು ಕಂಬಳಿಯ ಕೆಲಸ ಮಾಡುತ್ತದೆ. ಇಂಥ ಬಿಸಿಗೆ ಪ್ಯಾರಾಸಿಟಮಾಲ್ ಕೆಲಸವನ್ನೇ ಮಾಡುವುದಿಲ್ಲ. ಮಾತ್ರೆಯಿಂದಲ್ಲ, ನೆರಳಿಗೆ ಬಂದದ್ದರಿಂದ ಅದು ಬಚಾವಾಯಿತು. ಏದುಸಿರು ಇಳಿಯದೆ ಓಲಾಡಿದರೆ, ವಾಂತಿ ಮಾಡಿದರೆ, ವಸಡು ಇಟ್ಟಿಗೆ ಕೆಂಪಾದರೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಓಡಿ.

ಮಾತ್ರೆ ವಿಷಯಕ್ಕೆ ಬಂದರೆ, ಪ್ಯಾರಾಸಿಟಮಾಲ್ ನಾಯಿಯ ಲಿವರ್‌ಗೆ ಕುತ್ತು. ಬೆಕ್ಕಿಗಂತೂ ಒಂದೇ ಮಾತ್ರೆ ಸಾಕು, ಜೀವ ಹೋಗಬಹುದು. ನಾವು ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಇನ್ನೂ ಕೆಟ್ಟವು. ಹೊಟ್ಟೆಯಲ್ಲಿ ಹುಣ್ಣಾಗಿ ಡಾಂಬರಿನಂಥ ಕಪ್ಪು ಮಲ ಬರುತ್ತದೆ, ಕಿಡ್ನಿ ಕೈಕೊಡುತ್ತದೆ. (ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದೇ ರಣಹದ್ದುಗಳು ಸರ್ವನಾಶ ಆಗುತ್ತಿದ್ದವು, ಅದಕ್ಕೇ 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಲ್ಲಿಸಿದ್ದು.) ನನ್ನ ಸರ್ವಿಸಿನಲ್ಲಿ ಬೇರೆ ವಿಷಕ್ಕಿಂತ ಪ್ರೀತಿಯಿಂದ ಕೊಟ್ಟ ಮಾತ್ರೆಗೆ ಸೊರಗಿದ ನಾಯಿಗಳನ್ನೇ ಜಾಸ್ತಿ ನೋಡಿದ್ದೇನೆ.

ವಾಕಿಂಗ್‌ಗೆ ಬೆಳಿಗ್ಗೆ ಏಳರೊಳಗೆ ಹೋಗಿ. ಅನುಮಾನ ಬಂದರೆ ಮುಂಗೈಯನ್ನು ಟಾರಿನ ಮೇಲೆ ಇಟ್ಟು ಏಳು ಎಣಿಸಿ. ನಿಮಗೆ ಆಗದಿದ್ದರೆ ಅದಕ್ಕೂ ಆಗದು.

ಪ್ರಶ್ನೆ: ಡಾಕ್ಟರಮ್ಮಾ, ನಮ್ಮ ಹೆಣ್ಣು ಲ್ಯಾಬ್ರಡಾರ್‌ಗೆ ಏಳು ವರ್ಷ. ಮರಿ ಹಾಕಿಲ್ಲ, ಆಪರೇಷನ್ ಮಾಡಿಸಿಲ್ಲ. ವಾರದಿಂದ ನೀರು ಭಾಳ ಕುಡೀತಾಳೆ, ಊಟ ಅರ್ಧ ಆಗಿದೆ, ಹಿಂದೆ ನೆಕ್ಕಿಕೊಳ್ತಾನೇ ಇರ್ತಾಳೆ. ಬಿಸಿಲಿಗೆ ಇರಬಹುದಾ? ಬೆದೆಗೆ ಬಂದು ಒಂದೂವರೆ ತಿಂಗಳಾಯಿತು.
— ಧಾರವಾಡ

ನಿಮ್ಮ ಪತ್ರ ಓದಿ ಮುಗಿಸುವ ಮೊದಲೇ ನಿಮಗೆ ಫೋನ್ ಮಾಡಿಸಿದೆ, ಇಲ್ಲಿ ಬೇರೆಯವರಿಗಾಗಿ ಬರೆಯುತ್ತಿದ್ದೇನೆ.

ಇದೇ ತಪ್ಪನ್ನು ನಾನು ಮಾಡಿದ್ದೇನೆ. ನಮ್ಮ ಮನೆಯ ಜೂಲಿಗೆ ಆಗ ಎಂಟು ವರ್ಷ. ಏಪ್ರಿಲ್ ತಿಂಗಳು. ಬಾವಿಕಟ್ಟೆ ಹತ್ತಿರ ಇಟ್ಟಿದ್ದ ಹಿತ್ತಾಳೆ ಬೋಗುಣಿ ದಿನಕ್ಕೆ ಎರಡು ಸಲ ಖಾಲಿ. ‘ಬಿಸಿಲು ಅಲ್ವಾ’ ಅಂತ ತುಂಬಿಸಿ ತುಂಬಿಸಿ ಇಟ್ಟೆ. ಊರವರ ನಾಯಿಗೆಲ್ಲ ಔಷಧಿ ಕೊಡುವವಳು, ನನ್ನ ಮನೆಯ ನಾಯಿಯ ಬೆದೆ ಲೆಕ್ಕ ಇಟ್ಟಿರಲಿಲ್ಲ. ಐದನೇ ದಿನ ಅವಳು ಮಲಗಿದ್ದ ಚೀಲದ ಮೇಲೆ ಕಂದು ಬಣ್ಣದ ಅಂಟು ಕಲೆ. ಮೂಸಿದೆ. ಎದೆ ಧಸಕ್ಕೆಂದಿತು. ಗರ್ಭಕೋಶದಲ್ಲಿ ಕೀವು. ಅದೇ ರಾತ್ರಿ ಜೊತೆಗಿದ್ದ ಕಿರಿಯ ಡಾಕ್ಟರು ಆಪರೇಷನ್ ಮಾಡಿದರು. ನನ್ನ ಕೈ ನಡುಗುತ್ತಿತ್ತು, ನಾನು ಟಾರ್ಚ್ ಹಿಡಿದು ನಿಂತೆ. ಹೊರಗೆ ತೆಗೆದ ಗರ್ಭಕೋಶ ಒಳ್ಳೆ ಬಾಳೆಕಾಯಿ ಗಾತ್ರಕ್ಕೆ ಊದಿತ್ತು. ಆಮೇಲೆ ನಾಲ್ಕು ವರ್ಷ ಬದುಕಿದಳು.

ಬೆದೆ ಮುಗಿದು ಎರಡು ತಿಂಗಳೊಳಗೆ, ಆಪರೇಷನ್ ಆಗದ ಹೆಣ್ಣು ನಾಯಿ ಜಾಸ್ತಿ ನೀರು ಕುಡಿಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಕೀವಿನ ವಿಷ ಕಿಡ್ನಿಗೆ ಹೊಡೆತ ಕೊಡುತ್ತದೆ, ಅದಕ್ಕೇ ಆ ದಾಹ. ಕೀವು ಹೊರಗೆ ಬಾರದೆ ಒಳಗೇ ತುಂಬಿ ಹೊಟ್ಟೆ ಉಬ್ಬಿದರೆ ಇನ್ನೂ ಅಪಾಯ. ಇದಕ್ಕೆ ಮನೆಮದ್ದು ಇಲ್ಲ. ಹೊಟ್ಟೆ ಒತ್ತಿ ನೋಡಬೇಡಿ. ಅದೇ ದಿನ ಸ್ಕ್ಯಾನಿಂಗ್ ಇರುವ ಕಡೆ ಹೋಗಿ. ಮರಿ ಬೇಡ ಅನ್ನುವವರು ಸಣ್ಣ ವಯಸ್ಸಿನಲ್ಲೇ ಆಪರೇಷನ್ ಮಾಡಿಸಿದರೆ ಈ ತಲೆಬಿಸಿಯೇ ಇಲ್ಲ.

ಪ್ರಶ್ನೆ: ಬೀಗರೂಟದ ಮಾರನೇ ದಿನದಿಂದ ನಮ್ಮ ನಾಯಿಗೆ ಭೇದಿ. ಮೂಳೆ, ಸಾರು ಎಲ್ಲ ತಿಂದಿತ್ತು. ಓಡಾಡಿಕೊಂಡಿದೆ. ಮೂರು ತಿಂಗಳ ಮರಿಯೂ ಇದೆ, ಅದಕ್ಕೂ ಇವತ್ತು ವಾಂತಿ ಶುರುವಾಗಿದೆ. ಇಬ್ಬರಿಗೂ ಮೊಸರನ್ನ ಹಾಕಲಾ?
— ಮಂಡ್ಯ

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ದೊಡ್ಡದು ಓಡಾಡಿಕೊಂಡಿದೆ, ವಾಂತಿ ಇಲ್ಲ, ರಕ್ತ ಇಲ್ಲ ಅಂದರೆ ಒಂದು ಹೊತ್ತು ಊಟ ಬಿಡಿಸಿ. ನೀರು ಬಿಡಿಸಬೇಡಿ. ನಾವು ಕುಡಿಯುವ ಓಆರ್‌ಎಸ್ ನೀರನ್ನೇ ಗಂಟೆಗೊಮ್ಮೆ ಸ್ವಲ್ಪ ಇಡಬಹುದು. ಆಮೇಲೆ ಮೆತ್ತಗೆ ಬೆಂದ ಅನ್ನ, ಉಪ್ಪು ಖಾರ ಈರುಳ್ಳಿ ಏನೂ ಇಲ್ಲದೆ ಬೇಯಿಸಿದ ಕೋಳಿ, ಸ್ವಲ್ಪ ಸ್ವಲ್ಪವೇ. ಮೊಸರನ್ನ ಒಗ್ಗುವ ನಾಯಿಗೆ ಅದೂ ಆಗಬಹುದು. ಹೆಗಲ ಮೇಲಿನ ಚರ್ಮ ಚಿವುಟಿ ಎತ್ತಿ ಬಿಡಿ. ಥಟ್ಟನೆ ಕೂತರೆ ಮೈಯಲ್ಲಿ ನೀರಿದೆ. ಗುಡಾರದಂತೆ ಹಾಗೇ ನಿಂತರೆ ಡ್ರಿಪ್ ಬೇಕು. ಇನ್ನೊಂದು ಗುರುತು: ಮುಂಗಾಲು ಚಾಚಿ, ಎದೆ ನೆಲಕ್ಕೆ ಊರಿ, ಹಿಂಭಾಗ ಎತ್ತಿ ನಿಲ್ಲುತ್ತಾ ಇದ್ದರೆ ಅದು ಆಟ ಅಲ್ಲ, ಹೊಟ್ಟೆ ನೋವು. ಕೊಬ್ಬಿನ ಸಾರು ತಿಂದ ಮೇಲೆ ಹೀಗಾದರೆ ತಡ ಮಾಡಬೇಡಿ. ಬೆಂದ ಮೂಳೆ ಸೀಳಿ ಚೂರಿಯಂತಾಗುತ್ತದೆ. ಮುಂದಿನ ಬೀಗರೂಟಕ್ಕೆ ನಾಯಿಯನ್ನು ಕಟ್ಟಿಹಾಕಿ.

ಮರಿಯನ್ನು ಮಾತ್ರ ಈಗಲೇ ಎತ್ತಿಕೊಂಡು ಹೋಗಿ. ಆ ವಯಸ್ಸಿನ ಮರಿಗೆ ವಾಂತಿ, ಹಿಂದೆಯೇ ಗಬ್ಬು ವಾಸನೆಯ ರಕ್ತಭೇದಿ ಅಂದರೆ ಪಾರ್ವೋ ಇರಬಹುದು. ಬೆಳಿಗ್ಗೆ ಆಡಿಕೊಂಡಿದ್ದ ಮರಿ ಮರುದಿನಕ್ಕೆ ಕೈಬಿಟ್ಟು ಹೋಗುವಂಥ ರೋಗ. ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಇದರ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ಆಗುವವರೆಗೆ. ಒಂದೇ ಸೂಜಿಗೆ ‘ಆಯ್ತು’ ಅಂದುಕೊಳ್ಳುವವರೇ ಬಹಳ. ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಹಾಗಾಗಿ ಹೊಸ ಮರಿ ತರುವ ಆತುರ ಬೇಡ. ಸಿಮೆಂಟ್ ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ. ಬರೀ ಫಿನಾಯಿಲ್‌ ನಂಬಬೇಡಿ.

ಪ್ರಶ್ನೆ: ಆಂಟಿ, ನಾನು ಆರನೇ ಕ್ಲಾಸು. ನಮ್ಮ ಬ್ರೌನಿ ಹುಲ್ಲು ತಿಂತಾನೆ. ಅವನಿಗೆ ಹುಷಾರಿಲ್ವಾ? ಅಜ್ಜಿ ನಾಳೆ ಮಳೆ ಬರತ್ತೆ ಅಂತಾರೆ.
— ತುಮಕೂರು

ಪುಟ್ಟೀ, ಅಜ್ಜಿ ಹೇಳಿದ ದಿನ ಮಳೆ ಬಂತಾ ಅಂತ ನನಗೂ ಬರೆದು ಹೇಳು. ಹುಲ್ಲು ತಿನ್ನುವುದು ನಾಯಿಗಳಿಗೆ ಇಷ್ಟ, ಹೆಚ್ಚಿನವು ಹುಷಾರಾಗಿದ್ದೇ ತಿನ್ನುತ್ತವೆ. ಯಾವಾಗಲೋ ಒಮ್ಮೆ ವಾಂತಿ ಮಾಡಿದರೂ ಹೆದರಬೇಡ. ದಿನಾ ವಾಂತಿ ಮಾಡಿದರೆ, ಊಟ ಬಿಟ್ಟರೆ ಅಪ್ಪನಿಗೆ ಹೇಳು. ಕಳೆಗೆ ಔಷಧಿ ಹೊಡೆದ ಹುಲ್ಲು ಮಾತ್ರ ತಿನ್ನಬಾರದು. ಅದಕ್ಕೆ ನೀನೊಂದು ಕೆಲಸ ಮಾಡು. ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಒಂದು ಹಿಡಿ ಗೋಧಿ ಚೆಲ್ಲಿ ನೀರು ಹಾಕು, ವಾರ ಹತ್ತು ದಿನಕ್ಕೆ ಬ್ರೌನಿಯ ಹುಲ್ಲು ರೆಡಿ.

ಇನ್ನೊಂದು ಕೆಲಸ. ಅವನು ಗಾಢ ನಿದ್ದೆಯಲ್ಲಿದ್ದಾಗ ಹೊಟ್ಟೆ ಎಷ್ಟು ಸಲ ಮೇಲೆ ಕೆಳಗೆ ಹೋಗುತ್ತದೆ ಅಂತ ಒಂದು ನಿಮಿಷ ಎಣಿಸು. ಮೂವತ್ತರ ಒಳಗಿದ್ದರೆ ಚೆನ್ನ. ಭಾನುವಾರಕ್ಕೊಮ್ಮೆ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡು, ಮುಂದೆ ಡಾಕ್ಟರು ಕೇಳಿದಾಗ ನಿಮ್ಮ ಮನೆಯಲ್ಲಿ ಉತ್ತರ ಗೊತ್ತಿರುವುದು ನಿನಗೊಬ್ಬಳಿಗೇ.