ಸಂಪಾದಕರ ಉತ್ತರ: ಅಪ್ಪನ ಕಾಲು, ಮಗಳ ಬಸಿರು

ಮೂಡಿಗೆರೆ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಹೇಳಿ ಬರೆದಿದ್ದಾರೆ: “ಮದುವೆಯಾಗಿ ನಾಲ್ಕು ವರ್ಷ. ಎರಡು ಸಲ ಬಸಿರಾಗಿ, ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಎರಡನೇ ಸಲ ಬಸಿರಿದ್ದಾಗ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಪ್ರೋಟೀನ್ ಎಸ್ ಕಡಿಮೆ ಎಂದು ಬಂದಿದೆ. ನಮ್ಮಪ್ಪನಿಗೆ ನಲವತ್ತರೊಳಗೇ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ‘ನಿಮ್ಮ ಮನೆ ರಕ್ತವೇ ಸರಿಯಿಲ್ಲ’ ಅಂತಾರೆ ಅತ್ತೆ. ಮುಂದಿನ ಸಲ ದಿನಾ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್ ತಗೊಂಡರೆ ಮಗು ಉಳಿಯುತ್ತಾ?”

ಅಮ್ಮಾ, ಮೊದಲು ಆ ರಿಪೋರ್ಟಿನ ವಿಷಯ. ಪ್ರೋಟೀನ್ ಎಸ್ ನಮ್ಮ ರಕ್ತ ಬೇಡದ ಕಡೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ವಸ್ತು. ಬಸುರಿಯರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಎಂದು ಮೈ ಮಾಡಿಕೊಳ್ಳುವ ತಯಾರಿಯ ಭಾಗ ಅದು. ಹಾಗಾಗಿ ಬಸಿರಿದ್ದಾಗ ಮಾಡಿದ ಆ ಪರೀಕ್ಷೆಯಿಂದ ನಿಮಗೆ ಹುಟ್ಟಿನಿಂದ ಬಂದ ಕೊರತೆ ಇದೆ ಎನ್ನಲು ಬರುವುದಿಲ್ಲ. ಬಸಿರು ಕಳೆದು ಕನಿಷ್ಠ 6 ವಾರವಾದ ಮೇಲೆ, ಗರ್ಭನಿರೋಧಕ ಮಾತ್ರೆ ತಗೊಳ್ಳದಿರುವಾಗ, ಇನ್ನೊಮ್ಮೆ ಮಾಡಿಸಬೇಕು. ಅಪ್ಪನ ಕಥೆ ಇರುವುದರಿಂದ ಬಿಡದೆ ಮಾಡಿಸಿ. ಅವರಿಗೆ ಆ ಕೊರತೆ ಇದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಇನ್ನು ಇಂಜೆಕ್ಷನ್. ಹೆಪಾರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ರಕ್ತ ಬೇಗ ಹೆಪ್ಪುಗಟ್ಟುವ ಇಂಥ ಆನುವಂಶಿಕ ತೊಂದರೆಯಿದ್ದು, ಎರಡು ಅಥವಾ ಹೆಚ್ಚು ಸಲ ಗರ್ಭ ಕಳೆದುಕೊಂಡ 326 ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದಿನಾ ಹೆಪಾರಿನ್ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 72 ಮಂದಿಗೆ ಮಗುವಾಯಿತು. ಚುಚ್ಚಿಸಿಕೊಳ್ಳದವರಲ್ಲಿ 71. ಅಂದರೆ ಗರ್ಭ ಉಳಿಸುವುದರಲ್ಲಿ ಇಂಜೆಕ್ಷನ್ನಿನಿಂದ ಲಾಭ ಕಾಣಲಿಲ್ಲ. ನನಗೆ ಹಿಡಿಸಿದ್ದು ಆ 71. ಏನೂ ಚುಚ್ಚಿಸಿಕೊಳ್ಳದೆ ಅಷ್ಟು ಜನಕ್ಕೆ ಮಗುವಾಗಿದೆ, ಅಲ್ವಾ?

ಅತ್ತೆಯವರಿಗೆ ಇದನ್ನೂ ಓದಿ ಹೇಳಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನ ಏರುಪೇರು. ಬಹುತೇಕ ಅದು ಆಕಸ್ಮಿಕ. ಯಾರ ಮನೆತನಕ್ಕೂ ಅಂಟಿಸುವಂಥದ್ದಲ್ಲ.

ಇದರ ಜೊತೆ ಗಲಿಬಿಲಿ ಮಾಡಿಕೊಳ್ಳಬಾರದ ಇನ್ನೊಂದು ಕಾಯಿಲೆ ಇದೆ. ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ಮೈಯ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಕಾಯಿಲೆ. ಇದು ಸಾಮಾನ್ಯವಾಗಿ ಅಪ್ಪ-ಅಮ್ಮನಿಂದ ಬರುವುದಲ್ಲ, ನಡುವೆ ಬಂದು ಸೇರುವುದು. ಇದರಲ್ಲಿ ಮಾತ್ರ ಕಡಿಮೆ ಡೋಸಿನ ಆಸ್ಪಿರಿನ್ ಮತ್ತು ಹೆಪಾರಿನ್ ಗರ್ಭ ಉಳಿಸಲು ನೆರವಾಗುತ್ತವೆ. 12 ವಾರ ಬಿಟ್ಟು ಎರಡು ಸಲ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ನಿಮ್ಮ ಕಾಗದದಲ್ಲಿ ಇದರ ಸುದ್ದಿಯೇ ಇಲ್ಲ. ಡಾಕ್ಟರನ್ನು ಕೇಳಿ. ಎಂಟಿಎಚ್‌ಎಫ್‌ಆರ್ ಎನ್ನುವ ಜೀನ್ ಪರೀಕ್ಷೆಯನ್ನು ಲ್ಯಾಬಿನವರು ಪ್ಯಾಕೇಜಿನಲ್ಲಿ ತುರುಕಿದರೆ ಸುಮ್ನೆ ದುಡ್ಡು ಹಾಕಬೇಡಿ.

ಹಾಗಾದರೆ ಅಪ್ಪನ ಕಾಲಿನ ವಿಷಯ ಮರೆತುಬಿಡಬಹುದಾ? ಖಂಡಿತ ಇಲ್ಲ. ನಿಮ್ಮ ಮಗುವಿಗಿಂತ ನಿಮಗೇ ಅದರ ಸಂಬಂಧ ಜಾಸ್ತಿ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾಮೂಲಿಗಿಂತ ನಾಲ್ಕೈದು ಪಟ್ಟು ಏರುತ್ತದೆ. ಎಲ್ಲಕ್ಕಿಂತ ಹೆಚ್ಚಿರುವುದು ಹೆರಿಗೆಯಾದ ಮೇಲಿನ 6 ವಾರ. ನಮ್ಮಲ್ಲಿ ಅದು ಬಾಣಂತನದ ಕಾಲ.

ನಮ್ಮಕ್ಕನ ಬಾಣಂತನ ನನಗೆ ನೆನಪಿದೆ. ಮಳೆಗಾಲ. ಕಿಟಕಿಗೆ ಕಂಬಳಿ, ಮಂಚದ ಕೆಳಗೆ ಕೆಂಡ. ಹೊಟ್ಟೆ ದೊಡ್ಡದಾಗುತ್ತೆ ಅಂತ ನೀರು ಬರೀ ಒಂದು ಸಣ್ಣ ಲೋಟ, ಅದೂ ಅಮ್ಮ ಅಳೆದು ಕೊಟ್ಟಿದ್ದು. ಹತ್ತನೇ ದಿನ ಎಡಗಾಲಿನ ಮೀನಖಂಡ ಊದಿತು. ವಾಯು ಅಂದರು. ಬಿಸಿ ಎಣ್ಣೆ ಹಾಕಿ ನೀವಿದರು. ಎರಡು ದಿನ ಕಳೆದು ತೊಡೆವರೆಗೂ ಊದಿದಾಗ ಜೀಪಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದೆವು. ಸ್ಕ್ಯಾನಿನಲ್ಲಿ ಕಂಡಿದ್ದು ರಕ್ತದ ಹೆಪ್ಪು. ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿದ್ದರೆ ಅಕ್ಕ ಉಳಿಯುತ್ತಿರಲಿಲ್ಲವೇನೋ. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಅವರ ಬಾಣಂತನವೂ ಹಾಗೇ ಆಗಿತ್ತು.

ಅದಕ್ಕೇ, ಮುಂದಿನ ಸಲ ಬಸಿರು ಎಂದು ಗೊತ್ತಾದ ಕೂಡಲೇ ಡಾಕ್ಟರಿಗೆ ಅಪ್ಪನ ವಿಷಯ ಹೇಳಿ. ನಿಮ್ಮನ್ನು ಕಾಪಾಡಲು ಹೆಪಾರಿನ್ ಬೇಕಾ, ಹೆರಿಗೆಯಾದ ಮೇಲೆ ಎಷ್ಟು ವಾರ ಎಂದು ಕೇಳಿ. ಬೇಕೆಂದರೆ ಹೆದರಬೇಡಿ, ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಅಪ್ಪ ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಅದು ಮಗುವಿಗೆ ತಲುಪಿ ತೊಂದರೆ ಮಾಡುತ್ತದೆ. ಬಾಣಂತನದಲ್ಲಿ ಬಾಯಾರಿದಷ್ಟು ನೀರು ಕುಡಿಯಿರಿ, ಅಂಗಳದವರೆಗಾದರೂ ನಡೆದಾಡಿ. ಒಂದೇ ಕಾಲು ಊದಿದರೆ, ಎದೆ ನೋವು ಅಥವಾ ಉಸಿರು ಕಟ್ಟಿದಂತಾದರೆ ಎಣ್ಣೆ ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ನೀವು ಕಾಗದದ ಜೊತೆ ರಿಪೋರ್ಟಿನ ಒರಿಜಿನಲ್ಲೇ ಕಳಿಸಿಬಿಟ್ಟಿದ್ದೀರಿ. ಒಂದು ಜೆರಾಕ್ಸ್ ಸೇರಿಸಿ ನಿನ್ನೆ ಅಂಚೆಗೆ ಹಾಕಿದ್ದೇನೆ. ಅಪ್ಪನ ಹಳೇ ಆಸ್ಪತ್ರೆ ಚೀಟಿ ಸಿಕ್ಕರೆ ಅದನ್ನೂ ಅದೇ ಕವರಿನಲ್ಲಿ ಇಟ್ಟುಕೊಳ್ಳಿ.