ಮೂರು ವರ್ಷದ ಮಗುವಿಗೆ ಚಿತ್ರಪುಸ್ತಕ: ಮೊದಲು ಅಕ್ಷರ ಮುಚ್ಚಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಭಾಗಮಂಡಲದ ಹತ್ತಿರ ಮನೆ, ಮಗನಿಗೆ ಮೂರು ವರ್ಷ, ಮನೆಯಲ್ಲಿ ಆಡುವುದು ಅರೆಭಾಷೆ. ಪುಸ್ತಕ ಹಿಡಿದರೆ ಎರಡು ನಿಮಿಷ ಕೂರುವುದಿಲ್ಲ, ನೀವು ಓದಿ ಮುಗಿಸುವ ಮೊದಲೇ ಪುಟ ತಿರುವುತ್ತಾನೆ, ಕನ್ನಡದ್ದು ತರಬೇಕಾ ಇಂಗ್ಲಿಷಿನದಾ ಅಂತ ಕೇಳಿದ್ದೀರಿ. ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಸಂಜೆ ಹೊತ್ತು ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ, ಜೊತೆಗೆ ಅವರ ಪುಟ್ಟ ತಮ್ಮ ತಂಗಿಯರೂ ಬರುತ್ತಾರೆ. ಅವರ ಜೊತೆ ಕೂತು ಗೊತ್ತಾದದ್ದನ್ನು ಹೇಳುತ್ತೇನೆ.

ಭಾಷೆಯ ವಿಷಯ ಆಮೇಲೆ. ಮೊದಲು ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಅಕ್ಷರಗಳನ್ನು ಕೈಯಿಂದ ಮುಚ್ಚಿ, ಬರೀ ಚಿತ್ರ ನೋಡುತ್ತಾ ಹೋಗಿ. ಕಥೆ ಅರ್ಧವಾದರೂ ತಿಳಿಯುತ್ತಾ? ಅಕ್ಷರದಲ್ಲಿ ಇಲ್ಲದ್ದು ಏನಾದರೂ ಚಿತ್ರದಲ್ಲಿ ಇದೆಯಾ, ಅಂದರೆ ಮಂಚದ ಕೆಳಗೊಂದು ಬೆಕ್ಕು, ಕಿಟಕಿಯಾಚೆ ನೋಡುತ್ತಿರುವ ಯಾರೋ ಒಬ್ಬರು, ಪುಟದಿಂದ ಪುಟಕ್ಕೆ ಜಾಗ ಬದಲಿಸುವ ಒಂದು ಇರುವೆ? ಇದ್ದರೆ ತನ್ನಿ. ಮಗುವಿಗೆ ಹುಡುಕಲು ಏನಾದರೂ ಸಿಕ್ಕಿದರೆ ಅದು ಪುಟ ಬಿಟ್ಟು ಹೋಗುವುದಿಲ್ಲ. 'ಹುಡುಗ ಮರ ಹತ್ತಿದ' ಅಂತ ಬರೆದು ಪಕ್ಕದಲ್ಲಿ ಮರ ಹತ್ತುವ ಹುಡುಗನನ್ನಷ್ಟೇ ಬಿಡಿಸಿದರೆ ಮಗುವಿಗೆ ಹೇಳಲು ಏನೂ ಉಳಿಯುವುದಿಲ್ಲ ಅಲ್ವಾ? ಅದಕ್ಕೇ ತಿರುವಿಬಿಡುತ್ತದೆ.

ನಮ್ಮಲ್ಲಿಗೆ ಬರುವ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಒಬ್ಬ ಹುಡುಗನಿಗೆ ಆನೆಯ ಪುಸ್ತಕ ತೋರಿಸುತ್ತಿದ್ದೆ. ದೊಡ್ಡ ಆನೆ, ಬಣ್ಣ ಬಣ್ಣದ ಹೂವು, ಹಿಂದೆ ಎಲ್ಲೋ ಸಣ್ಣದೊಂದು ಮನೆ. ನಾನು ಆನೆಯ ಬಗ್ಗೆ ಓದುತ್ತಾ ಇದ್ದೆ. ಅವನು ಆನೆಯನ್ನು ನೋಡಲೇ ಇಲ್ಲ. ಆ ಸಣ್ಣ ಮನೆಯ ಮೇಲೆ ಬೆರಳಿಟ್ಟು, 'ಬಾಗಿಲು ಹಾಕಿಲ್ಲ' ಅಂದ. ತೋಟಕ್ಕೆ ಆನೆ ಇಳಿದ ರಾತ್ರಿ ಅವರ ಮನೆಯಲ್ಲಿ ಏನು ಮಾಡುತ್ತಾರೆ ಅಂತ ಅವನಿಗೆ ಗೊತ್ತು. ಆಮೇಲೆ ನಾನು ಓದುವುದು ನಿಲ್ಲಿಸಿದೆ, ಅವನೇ ಹೇಳುತ್ತಾ ಹೋದ: ಪಟಾಕಿ, ಟಾರ್ಚು, ಅವರಪ್ಪ ಕೂಗಿದ್ದು, ನಾಯಿ ಮಂಚದಡಿ ಸೇರಿದ್ದು. ಬರೆದವರಿಗೆ ಈ ಕಥೆ ಗೊತ್ತಿರಲಿಕ್ಕಿಲ್ಲ, ಆದರೆ ಅದಕ್ಕೆ ಜಾಗ ಆ ಚಿತ್ರದಲ್ಲಿ ಇತ್ತು. ಒಳ್ಳೆಯ ಪುಸ್ತಕ ಅಂತ ನಾನು ಹೇಳುವುದು ಇಂಥದ್ದಕ್ಕೆ. ಮಗು ಎಷ್ಟು ಹೊತ್ತು ಸುಮ್ಮನೆ ಕೂತಿತು ಅಂತ ಲೆಕ್ಕ ಹಾಕಬೇಡಿ, ಎಷ್ಟು ಮಾತಾಡಿತು ಅಂತ ನೋಡಿ.

ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಗಾರರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮ್ನೆ ಓದಿ ಹೇಳುವ ಬದಲು 'ಇದೇನಾಗ್ತಿದೆ?' ಅಂತ ಕೇಳಿ, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ಹೇಳುವುದನ್ನು ಕೆಲವು ತಂದೆತಾಯಿಯರಿಗೆ ಕಲಿಸಿಕೊಟ್ಟರು. ಒಂದು ತಿಂಗಳಲ್ಲೇ ಆ ಮಕ್ಕಳ ಮಾತು, ಎಂದಿನಂತೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಮುಂದಿತ್ತು. ಹಾಗಾಗಿ ನಿಮ್ಮ ಮಗ ಪುಟ ತಿರುವಿದರೆ ತಿರುವಲಿ. ಹಿಂದಿನಿಂದ ಮುಂದೆ ಬಂದರೂ ಪರವಾಗಿಲ್ಲ. ಅವನು ನಿಂತ ಪುಟದಲ್ಲಿ ನೀವೂ ನಿಲ್ಲಿ. ಆದರೆ ಪ್ರತಿ ಪುಟಕ್ಕೂ 'ಇದೇನು? ಇದ್ಯಾವ ಬಣ್ಣ?' ಅಂತ ಪರೀಕ್ಷೆ ಮಾಡಬೇಡಿ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ, ಎದ್ದು ಹೋಗುತ್ತಾರೆ.

ಈಗ ಭಾಷೆ. ಅಕ್ಷರವೇ ಇಲ್ಲದ ಚಿತ್ರಪುಸ್ತಕಗಳು ಸಿಗುತ್ತವೆ, ನಿಮ್ಮಂಥ ಮನೆಗೆ ಅವು ತುಂಬಾ ಒಳ್ಳೆಯವು. ಅಜ್ಜಿ ಅರೆಭಾಷೆಯಲ್ಲಿ ಹೇಳಲಿ, ನೀವು ಕನ್ನಡದಲ್ಲಿ ಹೇಳಿ, ಒಂದೇ ಪುಸ್ತಕ ಎರಡು ಸಲ ಹೊಸದಾಗುತ್ತದೆ. ಕೊಡವ ತಕ್ಕ್ ಆಡುವ ಮನೆಯವರಿಗೂ, ಮಲಯಾಳ, ತುಳು ಆಡುವವರಿಗೂ ನಾನು ಇದನ್ನೇ ಹೇಳುವುದು. ಅಕ್ಷರ ಇರುವ ಪುಸ್ತಕವನ್ನೂ ಮನೆಮಾತಿನಲ್ಲೇ ಹೇಳಿ, ಏನೂ ತೊಂದರೆ ಇಲ್ಲ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಬೇಕು ಅಂದರೆ ಚೆನ್ನೈನ ತೂಲಿಕಾ ಪ್ರಕಾಶನ ಅಂಥವನ್ನು ತರುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳ ಬೆಲೆ ಕಡಿಮೆ, ಓದುವ ಹಂತವನ್ನೂ ಪುಸ್ತಕದ ಮೇಲೆ ಹಾಕಿರುತ್ತಾರೆ. ನೀವು 1ನೇ ಹಂತದಿಂದ ಶುರು ಮಾಡಿ. ಅವರದ್ದೇ ಸ್ಟೋರಿವೀವರ್ ಅನ್ನುವ ತಾಣ 2015ರಿಂದ ಇದೆ, ಅಲ್ಲಿ ಕನ್ನಡದ ಕಥೆಗಳನ್ನು ಪುಕ್ಕಟೆಯಾಗಿ ಓದಬಹುದು, ಇಳಿಸಿಕೊಳ್ಳಬಹುದು. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತಲ್ಲ, ಮೊದಲೇ ಇಳಿಸಿಕೊಂಡು ಪ್ರಿಂಟ್ ಹಾಕಿಸಿಡಿ. ಫೋನಿನಲ್ಲಿ ತೋರಿಸುವುದು ನನಗೆ ಇಷ್ಟವಿಲ್ಲ. ಮೂರು ವರ್ಷದವರಿಗೆ ಪುಟ ಹಿಡಿದು ತಿರುವುವುದೇ ಅರ್ಧ ಸಂತೋಷ.

ತರುವ ಮೊದಲು ಎರಡು ಪುಟ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದರೆ, ಪಠ್ಯಪುಸ್ತಕದ ಹಾಗೆ ಕೇಳಿಸಿದರೆ ಅಲ್ಲೇ ಇಟ್ಟು ಬನ್ನಿ, ಯಾಕೆಂದರೆ ಮಗುವಿಗೆ ಹಿಡಿಸಿದರೆ ನೀವು ಅದನ್ನು ದಿನಾ ಓದಬೇಕಾಗುತ್ತದೆ. ಪ್ರಾಸ ಇದ್ದರೆ ಇನ್ನೂ ಒಳ್ಳೆಯದು. ಪಂಜೆ ಮಂಗೇಶರಾಯರು ನಮ್ಮ ಮಡಿಕೇರಿಯ ಹೈಸ್ಕೂಲಿನಲ್ಲೇ ಹೆಡ್‌ಮಾಸ್ಟರಾಗಿದ್ದವರು, ಅವರ ಶಿಶುಗೀತೆಗಳನ್ನು ಬಾಯಿ ಬಿಟ್ಟು ಓದಿ ನೋಡಿ, ಮಕ್ಕಳ ಕಿವಿ ಏನು ಕೇಳುತ್ತದೆ ಅಂತ ತಿಳಿಯುತ್ತದೆ. ಕೊನೆಯ ಪುಟದಲ್ಲಿ 'ನೀತಿ' ಅಂತ ದಪ್ಪಕ್ಷರದಲ್ಲಿ ಹಾಕಿರುವ ಪುಸ್ತಕ ನಾನು ಈ ವಯಸ್ಸಿಗೆ ಕೊಡುವುದಿಲ್ಲ. ಹಣ್ಣು, ತರಕಾರಿ, ಪ್ರಾಣಿಗಳ ಹೆಸರಿನ ಪುಸ್ತಕ ಒಂದು ಸಾಕು.

ನಮ್ಮೂರಿನ ಚಿತ್ರವೇ ಇರಬೇಕು ಅಂತ ಹಟ ಬೇಡ. ಹಿಮ, ಮರುಭೂಮಿ, ಸಮುದ್ರ ಎಲ್ಲ ನೋಡಲಿ. ಆದರೆ ಹತ್ತು ಪುಸ್ತಕದಲ್ಲಿ ಮೂರ್ನಾಲ್ಕಾದರೂ ಅವನಿಗೆ ಗೊತ್ತಿರುವ ಮಳೆ, ಕೆಸರು, ಹಂಚಿನ ಮನೆ, ಅವನ ಅಜ್ಜಿಯಂತೆ ಉಟ್ಟ ಅಜ್ಜಿ ಇರಲಿ.

ಕೊಡಗಿನವರಿಗೆ ಇನ್ನೊಂದು ಮಾತು, ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಪುಸ್ತಕ ನೀರು ಹೀರಿ ಪದರ ಬಿಡುತ್ತದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಒಳಗಿನ ತೇವ ಅಲ್ಲೇ ಉಳಿದು ಇನ್ನೂ ಕೆಡುತ್ತದೆ. ಗೋಡೆಗೆ ತಾಗದ ಹಾಗೆ, ಒಂದಕ್ಕೊಂದು ಒತ್ತದ ಹಾಗೆ ನಿಲ್ಲಿಸಿಡಿ, ಬಿಸಿಲು ಬಂದ ದಿನ ಪುಟ ಬಿಡಿಸಿ ಗಾಳಿಗೆ ಇಡಿ. ಮಗುವಿನ ಕೈಗೆ ಸಿಗುವ ಎತ್ತರದಲ್ಲೇ ಇರಲಿ, ಬೀರುವಿನೊಳಗೆ ಬೀಗ ಹಾಕಿ ಇಡಬೇಡಿ.

ಎಲ್ಲವನ್ನೂ ದುಡ್ಡು ಕೊಟ್ಟೇ ತರಬೇಕಿಲ್ಲ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮಗ ಇನ್ನೂ ಚಿಕ್ಕವನು, ನಿಮ್ಮ ಹೆಸರಲ್ಲೇ ಕೇಳಿ ನೋಡಿ. ಮನೆಗೆ ತಂದು ಒಂದು ವಾರ ಅವನ ಕೈಗೆ ಬಿಡಿ. ವಾಪಸ್ ಕೊಡುವ ದಿನ ಯಾವುದನ್ನು ಕೊಡಲು ಒಪ್ಪುವುದಿಲ್ಲವೋ ಅದನ್ನು ಅಂಗಡಿಯಿಂದ ತರಿಸಿ.