500 ನೋಡ್, ಒಂದೇ ಗೇಟ್‌ವೇ: ಲೆಕ್ಕ ಕೂಡುತ್ತಿಲ್ಲ

ನಮಸ್ಕಾರ,

ಕಾಫಿ ತೋಟಕ್ಕೆ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ) ಸೆನ್ಸರ್ ಜಾಲ ಹೂಡುವ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆಗೆ ತಕರಾರಿಲ್ಲ, ಎಡವಿರುವುದು ಲೆಕ್ಕದಲ್ಲಿ.

ಮಣ್ಣಿನ ತೇವ ಅಳೆಯುವ 500 ನೋಡ್‌ಗಳು (ಸೆನ್ಸರ್ ಪೆಟ್ಟಿಗೆಗಳು), ಎಲ್ಲದರ ಸಂದೇಶ ಹಿಡಿಯುವ ಒಂದೇ ಗೇಟ್‌ವೇಗೆ, ನಿಮಿಷಕ್ಕೊಮ್ಮೆ 20 ಬೈಟ್ ಕಳಿಸುತ್ತವೆ, ದೂರ ತಲುಪಲೆಂದು ಎಲ್ಲವೂ ಎಸ್‌ಎಫ್ 12ರಲ್ಲಿ (ಸ್ಪ್ರೆಡಿಂಗ್ ಫ್ಯಾಕ್ಟರ್: ಹೆಚ್ಚಿದಷ್ಟೂ ದೂರ ಹೆಚ್ಚು, ಪ್ರಸಾರ ನಿಧಾನ), ಎಎ ಗಾತ್ರದ ಲಿಥಿಯಂ ಸೆಲ್ 5 ವರ್ಷ ಬಾಳುತ್ತದೆ ಎಂದಿದ್ದೀರಿ. ಇವು ಒಟ್ಟಿಗೆ ಆಗುವ ಮಾತಲ್ಲ. 125 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ, ಲೋರಾವಾನ್ (ಲೋರಾ ಜಾಲದ ಸಂವಹನ ನಿಯಮ) ಹೆಡರ್ ಸೇರಿ, ಆ ಸಂದೇಶಕ್ಕೆ ಎಸ್‌ಎಫ್ 12ರಲ್ಲಿ ಸುಮಾರು 1.8 ಸೆಕೆಂಡ್ ಬೇಕು. ಎಸ್‌ಎಫ್ 7ರಲ್ಲಿ 0.07 ಸಾಕು. 900 ಸೆಕೆಂಡ್‌ನ ಪ್ರಸಾರವನ್ನು ಒಂದು ನಿಮಿಷಕ್ಕೆ ತುರುಕಿದ್ದೀರಿ. ನಮ್ಮ 865 ಮೆಗಾಹರ್ಟ್ಸ್ ಬ್ಯಾಂಡ್‌ನ ಮೂರು ಡೀಫಾಲ್ಟ್ ಚಾನೆಲ್‌ಗಳಿಗೆ ಹಂಚಿದರೂ ತಲಾ ಐದು ಪಟ್ಟು ಹೊರೆ. ಎಲ್ಲವನ್ನೂ ಎಸ್‌ಎಫ್ 7ಕ್ಕೆ ಇಳಿಸಿದರೂ ಚಾನೆಲ್‌ನ ಐದನೇ ಒಂದು ಭಾಗ ತುಂಬುತ್ತದೆ. ಈ ನೋಡ್‌ಗಳು ಸರದಿ ಕಾಯುವುದಿಲ್ಲವಲ್ಲ, ಅಲೋಹಾ (ಸರದಿಯಿಲ್ಲದೆ ಕಳಿಸುವ ಜಾಲದಲ್ಲಿನ ಡಿಕ್ಕಿಯ ಅಂದಾಜು) ಲೆಕ್ಕದಲ್ಲಿ ಅಷ್ಟಕ್ಕೇ ಮೂರರಲ್ಲಿ ಒಂದು ಸಂದೇಶ ಡಿಕ್ಕಿಗೆ ಸಿಕ್ಕುತ್ತದೆ.

ಬ್ಯಾಟರಿಯೂ ಹಾಗೆಯೇ. ಎಸ್‌ಎಫ್ 12ರ ಪ್ರಸಾರಕ್ಕೆ 44 ಮಿಲಿಆಂಪ್ ಹಿಡಿದರೆ ದಿನಕ್ಕೆ 32 ಮಿಲಿಆಂಪ್-ಅವರ್. 2400ರ ಸೆಲ್ ಎರಡೂವರೆ ತಿಂಗಳಿಗೆ ಖಾಲಿ.

‘ರಿಯಲ್ ಟೈಮ್’ ಎಂದು ಪುಟಪುಟಕ್ಕೂ ಬರೆದಿದ್ದೀರಿ, ಎಷ್ಟು ಸೆಕೆಂಡ್ ಎಂದು ಎಲ್ಲೂ ಹೇಳಿಲ್ಲ. ಗುಡ್ಡ ಜರುಗುವುದನ್ನು ಕಾಯುವ ಟಿಲ್ಟ್ ಸೆನ್ಸರ್‌ಗೆ ಸೆಕೆಂಡ್‌ಗಳೇ ಮುಖ್ಯ, ಸರಿ. ಮಣ್ಣಿನ ತೇವ ನಿಮಿಷದಲ್ಲಿ ಬದಲಾಗುತ್ತದೆಯೇ? ಶೇ. 2ರಷ್ಟು ಬದಲಾದಾಗ, ಇಲ್ಲವೇ ಗಂಟೆಗೊಮ್ಮೆ ಕಳಿಸಿದರೆ ಸಾಕು. ಎಲ್ಲವೂ ಗಂಟೆ ಹೊಡೆದಾಗಲೇ ಎದ್ದರೆ ಮತ್ತೆ ಡಿಕ್ಕಿ. ಪ್ರತಿ ನೋಡ್‌ಗೂ ಕೆಲವು ನಿಮಿಷಗಳೊಳಗಿನ ಯಾದೃಚ್ಛಿಕ ವಿಳಂಬ ಕೊಡಿ. ಪ್ರತಿ ಸಂದೇಶಕ್ಕೂ ಸ್ವೀಕೃತಿ ಕೇಳಿರುವುದನ್ನು ತೆಗೆಯಿರಿ. ಉತ್ತರ ಕಳಿಸುವಾಗ ಗೇಟ್‌ವೇಗೆ ಬೇರೆಯವರ ಮಾತು ಕೇಳಿಸದು.

ಎರಡನೇ ಗೇಟ್‌ವೇ ಹಾಕಿ, ಎಡಿಆರ್ (ಸಿಗ್ನಲ್ ನೋಡಿ ಎಸ್‌ಎಫ್ ತಾನೇ ಹೊಂದಿಸುವ ವ್ಯವಸ್ಥೆ) ಚಾಲೂ ಮಾಡಿ, ಹತ್ತಿರದ ನೋಡ್‌ಗಳು ಎಸ್‌ಎಫ್ 7ರಲ್ಲೇ ಉಳಿಯಲಿ. ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಮೈನಸ್ 7.5 ಡೆಸಿಬೆಲ್‌ಗಿಂತ ಇಳಿದರೆ ಎಸ್‌ಎಫ್ 7 ಕೈಕೊಡುತ್ತದೆ, ಎಸ್‌ಎಫ್ 12 ಮೈನಸ್ 20ರವರೆಗೂ ಎಳೆಯುತ್ತದೆ. ಒದ್ದೆ ಎಲೆ ಸಿಗ್ನಲ್ ನುಂಗುವುದರಿಂದ 10 ಡೆಸಿಬೆಲ್ ಕೈಯಲ್ಲಿಟ್ಟುಕೊಳ್ಳಿ.

ಫೋಟೋದಲ್ಲಿ ಪೆಟ್ಟಿಗೆಯ ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಿಗಿ ಬಿರಡೆ) ಮೇಲ್ಮುಖವಾಗಿದೆ. ಮಲೆನಾಡಿನ ಮಳೆಗೆ ಕೇಬಲ್ ಗುಂಟ ನೀರು ಸೀದಾ ಬೋರ್ಡ್‌ಗೇ ಇಳಿಯುತ್ತದೆ. ಗ್ಲ್ಯಾಂಡ್ ಕೆಳಮುಖವಿರಲಿ, ಕೇಬಲ್ ಒಳಹೋಗುವ ಮುನ್ನ ಜೋಲುವಂತೆ ಒಂದು ಬಾಗು ಬಿಡಿ. ಹೊಸ ಫೋಟೋ ಕಳಿಸಿ.

ಐಒಟಿ (ಇಂಟರ್ನೆಟ್ ಆಫ್ ಥಿಂಗ್ಸ್) ಇತಿಹಾಸದ ಮೊದಲ ಎರಡು ಪುಟ ಬೇಡ, ಯಾರೂ ಓದುವುದಿಲ್ಲ. ಪ್ರಸಾರ ಸಮಯದ ಲೆಕ್ಕದಿಂದಲೇ ಶುರುಮಾಡಿ. ತೋಟದಲ್ಲಿ ಸಿಗ್ನಲ್ ಅಳೆದ ಪಟ್ಟಿ ಸೇರಿಸುವಾಗ, ಆ ದಿನ ಮಳೆಯಿತ್ತೇ ಎಂಬ ಕಾಲಂ ಕೂಡ ಇರಲಿ.

— ಸಂಪಾದಕ